ಗದ್ಲ ಅಂದ್ರ ಯಾವ ಗದ್ಲ?

ನರ್ಸಬಾಯಿಯನ್ನು ಕಂಡರೆ ನನಗೆ ಮೊದಲ ದಿನದಿಂದಲೇ ಆಗುತ್ತಿರಲಿಲ್ಲ. ಕಾರಣ ಹೇಳು ಅಂದಿದ್ದರೆ ಆಗ ಹತ್ತು ಹೇಳುತ್ತಿದ್ದೆ. ಅಕ್ಷರ ದುಂಡಗಿಲ್ಲ, ಹಾಳೆಯ ಮೇಲೆ ಎಣ್ಣೆ ಕಲೆ, ಕ್ಯಾಸೆಟ್ಟಿನ ಮೇಲೆ ಊರ ಹೆಸರು ಬರೆಯುವುದಿಲ್ಲ, ಬಸ್ಸಿನಲ್ಲಿ ಗುರುತಿಲ್ಲದವರ ಜೊತೆಗೂ ಹರಟೆ. ಈಗ ಒಂದೇ ಹೇಳುತ್ತೇನೆ. ಜನ ಅವಳ ಮುಂದೆ ಮಾತಾಡುತ್ತಿದ್ದರು, ನನ್ನ ಮುಂದೆ ಮಾತಾಡುತ್ತಿರಲಿಲ್ಲ. ಹೊಟ್ಟೆಕಿಚ್ಚು, ಮತ್ತೇನಿಲ್ಲ.

ಇದು ತೊಂಬತ್ತರ ದಶಕದ ನಡುವಿನ ಮಾತು. ಕಲಬುರಗಿಯ ಸೂಪರ್ ಮಾರ್ಕೆಟ್ಟಿನಲ್ಲಿ ಬಟ್ಟೆಯಂಗಡಿಯೊಂದರ ಮೇಲೆ ಎರಡು ಕೋಣೆ ಹಿಡಿದಿದ್ದ ಒಂದು ಸಣ್ಣ ಸಂಸ್ಥೆ ನಮ್ಮದು. ಅಲ್ಲಿ ನಾವಿಬ್ಬರೂ ಹೇಳಿಕೆ ಬರೆದುಕೊಳ್ಳುವವರು. ನಿಜಾಮನ ಆಳ್ವಿಕೆ ಮುಗಿಯುವ ಹೊತ್ತಿನಲ್ಲಿ ಈ ಕಡೆಯ ಹಳ್ಳಿಗಳಲ್ಲಿ ಎರಡು ಸಲ ರಕ್ತ ಹರಿದಿತ್ತು. ಮೊದಲು ಬಂದೂಕಿನವರ ತಂಡಗಳು ಬಂದು ಹಿಂದೂ ಮನೆಗಳನ್ನು ಸುಲಿದವು. ಎಷ್ಟೋ ಮನೆಯವರು ಗಡಿ ದಾಟಿ ಸೊಲ್ಲಾಪುರದ ಕಡೆ ಓಡಿದರು. ಕೆಲವು ತಿಂಗಳಾದ ಮೇಲೆ ಭಾರತದ ಸೈನ್ಯ ಬಂದು ಆಳ್ವಿಕೆ ಬದಲಾಯಿತು. ಆಗ ಸೇಡಿನ ಗುಂಪುಗಳು ಎದ್ದು ಮುಸಲ್ಮಾನರ ಮನೆಗಳ ಮೇಲೆ ಬಿದ್ದವು. ಎರಡನ್ನೂ ಕಂಡವರು ಇನ್ನೂ ಬದುಕಿದ್ದರು, ಅದೂ ಒಂದೇ ಓಣಿಯಲ್ಲಿ, ಎದುರುಬದುರು ಮನೆಗಳಲ್ಲಿ. ಒಬ್ಬರ ಮದುವೆಗೆ ಇನ್ನೊಬ್ಬರು ಹೋಗುತ್ತಿದ್ದರು. ಆ ವರ್ಷದ ಮಾತನ್ನು ಮಾತ್ರ ಯಾರೂ ತೆಗೆಯುತ್ತಿರಲಿಲ್ಲ.

ಕಮಲಾಪುರದ ಹತ್ತಿರದ ಒಂದು ಹಳ್ಳಿಯ ಹಿರಿಯರು ಆ ಮಾತು ತೆಗೆಯಲು ಒಪ್ಪಿದ್ದರು. ಅವರನ್ನು ಒಪ್ಪಿಸಿದವರು ನಮ್ಮ ಸಂಯೋಜಕರು, ನಿವೃತ್ತ ಹೆಡ್ಮಾಸ್ತರರು. ಎರಡೂ ಕಡೆಯವರ ಹೇಳಿಕೆ ಬರೆಯುವುದು, ಅವನ್ನು ಊರ ವಾಡೆಯ, ಎಂದರೆ ಕೋಟೆಯಂಥ ಹಳೆಯ ದೊಡ್ಡ ಮನೆಯ, ಮುಂದೆ ಎಲ್ಲರೆದುರು ಓದುವುದು, ಆಮೇಲೆ ಆಗ ಸತ್ತವರೆಲ್ಲರ ಹೆಸರನ್ನು ಒಂದೇ ಕಲ್ಲಿನ ಮೇಲೆ ಕೆತ್ತಿಸುವುದು. ಮೇಲೆ ಹಿಂದೂ, ಕೆಳಗೆ ಮುಸಲ್ಮಾನ ಎಂಬ ಭೇದ ಇಲ್ಲ, ಮನೆಗಳಿದ್ದ ಸಾಲಿನಂತೆ ಹೆಸರು. ಹಿರಿಯರದು ಒಂದೇ ಷರತ್ತು. ಸತ್ತವನೇ ಯಾರಿಗಾದರೂ ಕೇಡು ಮಾಡಿದ್ದ ಎಂದು ಒಂದು ಹೇಳಿಕೆ ಬಂದರೂ ಸಾಕು, ಅವನ ಹೆಸರು ಕಲ್ಲಿಗೆ ಇಲ್ಲ.

ಕೆಲಸದ ರೀತಿ ಹೀಗಿತ್ತು. ಒಬ್ಬೊಬ್ಬರಿಗೆ ಒಂದು ಟೇಪ್ ರೆಕಾರ್ಡರ್, ಅರವತ್ತು ನಿಮಿಷದ ಕ್ಯಾಸೆಟ್ಟುಗಳು, ಸೆಲ್ಲು, ಸುರುಳಿ ಸಡಿಲವಾದರೆ ಸುತ್ತಲು ಪೆನ್ಸಿಲು. ಹೇಳಿದ್ದನ್ನು ಆಫೀಸಿಗೆ ತಂದು ಮುಂದೆ ಹಿಂದೆ ಓಡಿಸಿ ಅಕ್ಷರಕ್ಕೆ ಅಕ್ಷರ ಬರೆಯಬೇಕು. ಹಾಳೆಯ ಮೇಲೆ ನಾಲ್ಕು ಕಾಲಮ್ಮು: ಹೇಳಿದವರು, ಸ್ಥಳ, ಘಟನೆಯ ಕಾಲ, ಹೇಳಿಕೆ. ಮನೆಯ ಸುಖದುಃಖದ ಮಾತು ಬಂದರೆ ಪೂರ್ತಿ ಬರೆಯಬೇಕಿಲ್ಲ, ‘ಇತರ ಮಾತು’ ಎಂದು ಬರೆದು ಮುಂದೆ ಹೋಗಬಹುದು. ಬರೆಯುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದವಳು ನಾನು. ನರ್ಸಬಾಯಿಗೆ ಇದ್ದದ್ದು ಆರೋಗ್ಯ ಇಲಾಖೆಯ ತರಬೇತಿ, ಅದೇ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿದ ವರ್ಷಗಳು.

ಒಂದು ಮನೆಗೆ ಹೋದೆವು ಅಂದರೆ ನನಗೆ ಕುರ್ಚಿ ಬರುತ್ತಿತ್ತು. ‘ಕುಂದರ್ರಿ ಮೇಡಂ’ ಎಂದು ಸೆರಗಿನಿಂದ ಧೂಳು ಒರೆಸಿ ಕೊಡುತ್ತಿದ್ದರು. ಅವಳು ನೇರವಾಗಿ ಒಲೆಯ ಹತ್ತಿರ ಹೋಗಿ ಕೂತುಬಿಡುವಳು.

“ಏನವ್ವಾ, ಸಣ್ಣ ಸೊಸಿಗಿ ಎಷ್ಟು ತಿಂಗಳಾದ್ವು?” ಎಂದು ಶುರು ಮಾಡಿದರೆ ಮುಗಿಯಿತು. ನಾನು ಪ್ರಶ್ನಾವಳಿ ಹಿಡಿದುಕೊಂಡು ಕುರ್ಚಿಯ ಮೇಲೆ ದೇವರಂತೆ ಕೂತಿರುವಾಗ ಅಲ್ಲಿ ಒಲೆಯ ಹತ್ತಿರ ನಲವತ್ತು ಚಿಲ್ಲರೆ ವರ್ಷ ಯಾರೂ ಆಡದ ಮಾತು ಹೊರಗೆ ಬರುತ್ತಿತ್ತು. ನನ್ನ ಟೇಪಿನಲ್ಲಿ ಕೋಳಿಯ ಸದ್ದು. ಮೈಯೆಲ್ಲ ಉರಿಯುತ್ತಿತ್ತು ನನಗೆ.

ಇನ್ನೊಂದು ಸಂಗತಿ ಇಲ್ಲೇ ಹೇಳಿಬಿಡಬೇಕು. ನಮ್ಮ ಕಡೆ ಆ ವರ್ಷಕ್ಕೆ ಹೆಸರಿರುವುದು ಒಂದೇ, ಗದ್ಲ. ‘ಗದ್ಲದಾಗ ಸತ್ತಾ’, ‘ಗದ್ಲದಾಗ ಹುಟ್ಟೀನಿ’ ಅನ್ನುತ್ತಾರೆ. ಹಿಂದೂ ಮನೆಯಲ್ಲೂ ಅದೇ ಮಾತು, ಮುಸಲ್ಮಾನರ ಮನೆಯಲ್ಲೂ ಅದೇ ಮಾತು. ಆದರೆ ಹಿಂದೂಗಳು ಹೇಳುವ ಗದ್ಲ ಮೊದಲನೆಯದು, ಮುಸಲ್ಮಾನರು ಹೇಳುವುದು ಎರಡನೆಯದು. ಅದಕ್ಕೇ ‘ಘಟನೆಯ ಕಾಲ’ ಎಂಬ ಕಾಲಮ್ಮು. ಅದನ್ನು ಕೇಳಿ ತುಂಬಬೇಕು ಎಂಬುದು ಸಂಯೋಜಕರ ಕಟ್ಟಪ್ಪಣೆ. ನಾನು ಕೇಳುತ್ತಿರಲಿಲ್ಲ. ಮನೆ ಯಾರದು ನೋಡಿ ತುಂಬುತ್ತಿದ್ದೆ. ಲಿಂಗಾಯತರ ಮನೆಯಾದರೆ ಒಂದು, ಮುಸಲ್ಮಾನರ ಮನೆಯಾದರೆ ಎರಡು. ಹತ್ತಾರು ಹೇಳಿಕೆಗಳಲ್ಲಿ ಅದು ಸರಿಯಾಗಿಯೇ ಬಂದಿತ್ತು. ಬ್ರಹ್ಮಪುರದ ನಮ್ಮ ಮನೆಯವರೂ ಆಗ ಸೊಲ್ಲಾಪುರಕ್ಕೆ ಓಡಿದವರೇ, ನಮ್ಮ ಮನೆಯಲ್ಲಿ ಗದ್ಲ ಎಂದರೆ ಒಂದೇ. ಬೇರೆಯದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದಿದ್ದೆ.

ನರ್ಸಬಾಯಿ ಅದೇ ಕಾಲಮ್ಮಿನಲ್ಲಿ ‘ಜೋಳದ ರಾಶಿ ಮುಗಿದಿತ್ತು’, ‘ಹೆಸರುಕಾಯಿ ಬಿಡಿಸುತ್ತಿದ್ದರು’ ಎಂದು ಬರೆಯುವಳು. ನಾನು ಸಂಯೋಜಕರ ಮುಂದೆಯೇ ನಕ್ಕಿದ್ದೆ.

“ಏನ್ರೀ ಇದು, ಹೇಳಿಕಿನೋ ಪಂಚಾಂಗನೋ?”

“ಹಡದಾಕಿಗಿ ತಾರೀಖ ನೆನಪಿರಂಗಿಲ್ರೀ ಮೇಡಂ,” ಎಂದಳು ಅವಳು, ಸಿಟ್ಟಿಲ್ಲದೆ. “ಆವಾಗ ಹೊಲದಾಗ ಏನಿತ್ತವ್ವಾ ಅಂತ ಕೇಳಿದ್ರ ಕೂಸಿನ ತಿಂಗಳ ತಪ್ಪಂಗಿಲ್ಲ. ನನಗದೇ ಚಟ ಆಗ್ಯದ.”

ಸಂಯೋಜಕರು ಮೆಚ್ಚಿ ತಲೆಯಾಡಿಸಿದರು. ನನ್ನ ಮುಖ ಸಪ್ಪಗಾಯಿತು.

ಹೀಗಿರುವಾಗ ಅವಳು ಕಪನೂರಿನಿಂದ ಒಂದು ಟೇಪು ತಂದಳು. ಬೇಳೆ ಮಿಲ್ಲುಗಳ ಹಿಂದಿನ ಸಾಲಿನಲ್ಲಿ, ವೆಲ್ಡಿಂಗ್ ಕೆಲಸ ಮಾಡುವ ತನ್ನ ತಂಗಿಯ ಮಗನ ಮನೆಯಲ್ಲಿದ್ದ ಒಬ್ಬ ಮುದುಕಿಯ ಹೇಳಿಕೆ ಅದು. ಆಕೆಯ ಗಂಡ ನಮ್ಮ ಆ ಹಳ್ಳಿಯ ವಾಡೆಯ ಬಾಗಿಲು ಕಾಯುವವನಾಗಿದ್ದ, ದರವಾನ. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಜ್ವರ ಬಂದು ಅವಳು ಕಲಬುರಗಿಯ ತವರಿಗೆ ಬಂದಿದ್ದಳು. ಸುದ್ದಿ ಕೇಳಿ ತಿರುಗಿ ಹೋಗುವಷ್ಟರಲ್ಲಿ ಮನೆ ಇಲ್ಲ, ಗಂಡನೂ ಇಲ್ಲ. ಬಂದೂಕಿನವರಿಗೆ ವಾಡೆಯ ಬಾಗಿಲು ತೆಗೆದುಕೊಟ್ಟವನೇ ಅವನು, ಲೂಟಿಯ ಬಂಗಾರ ಕಟ್ಟಿಕೊಂಡು ಹೈದರಾಬಾದಿಗೆ ಓಡಿಹೋದ ಅಂತ ಕೆಲವರು. ಸತ್ತ ಅಂತ ಕೆಲವರು. ಹೇಗೆ, ಎಲ್ಲಿ, ಯಾರೂ ಹೇಳಲಿಲ್ಲ. ಅವಳು ಮತ್ತೆ ಮದುವೆಯಾಗಲಿಲ್ಲ, ಮಕ್ಕಳಿಲ್ಲ.

ಟೇಪಿನ ಕೊನೆಗೆ ಆ ಮುದುಕಿ ಹೇಳಿದ್ದಳು: “ನನಗ ಮತ್ತೇನೂ ಬ್ಯಾಡ ಬೇಟಿ. ಅಂವಾ ಕಳ್ಳ ಅಲ್ಲ ಅಂತ ಆ ಊರು ಒಮ್ಮೆ ಅನ್ನಲಿ. ಕಲ್ಲಿನ ಮ್ಯಾಲ ಹಾಕ್ರಿ ಅವನ್ನ. ನಾ ಸಾಯೋದರಾಗ ಹಾಕ್ರಿ.”

ಸಂಯೋಜಕರು ಅದನ್ನು ಎಲ್ಲರನ್ನೂ ಕೂಡಿಸಿ ಕೇಳಿಸಿದರು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಹೇಳಿಕಿ ಅಂದ್ರ ಹಿಂಗಿರಬೇಕು ನೋಡ್ರಿ,” ಎಂದು ನನ್ನ ಕಡೆ ತಿರುಗಿ ಹೇಳಿದರು. ನನ್ನ ಕಡೆ ಯಾಕೆ ತಿರುಗಬೇಕಿತ್ತು? ಆ ಇಡೀ ವಾರ ನನಗೆ ಅನ್ನ ರುಚಿಸಲಿಲ್ಲ.

ಆ ಹೊಟ್ಟೆಯುರಿಯಲ್ಲೇ ನಾನು ಕಮಲಾಪುರಕ್ಕೆ ಹೋದದ್ದು. ಆ ಹಳ್ಳಿಯಲ್ಲಿ ಹಿಂದೆ ಅಂಗಡಿ ಇಟ್ಟಿದ್ದ ಲಿಂಗಾಯತರ ಮನೆಯ ಹಿರಿಯಳು, ಎಲ್ಲರೂ ‘ಅಂಗಡಿ ಆಯಿ’ ಅನ್ನುವ ಮುದುಕಿ, ಈಗ ಕಮಲಾಪುರದಲ್ಲಿ ಮೊಮ್ಮಗನ ಮನೆಯಲ್ಲಿದ್ದಳು. ಮೊಮ್ಮಗ ಕೆಂಪು ಬಾಳೆಹಣ್ಣಿನ ವ್ಯಾಪಾರಿ. ನಡುಮನೆಯ ತುಂಬ ಗೊನೆ. ಆಯಿಯ ಬಾಯಲ್ಲಿ ಹಲ್ಲಿಲ್ಲ, ಕಿವಿ ಮಂದ, ಮಾತು ಅರ್ಧ ಗಂಟಲಲ್ಲೇ ಉಳಿಯುತ್ತಿತ್ತು. ಒಂದು ತಾಸು ತನ್ನ ಅತ್ತೆಯ ಕಾಟ ಹೇಳಿದಳು. ನಾನು ಎರಡು ಸಲ ಆಕಳಿಸಿದೆ. ಆಮೇಲೆ ವಾಡೆಯ ದರವಾನನನ್ನು ನೋಡಿದ್ದಿರಾ ಎಂದು ಗಟ್ಟಿಯಾಗಿ ಕೂಗಿ ಕೇಳಿದೆ.

“ನೋಡೀನಲ್ಲ. ಗದ್ಲದಾಗ ವಾಡೇದ ಬಾಗಲಾ ತೆಗದವ ಅವನೇ. ನಮ್ಮ ಮಾಳಗಿ ಮ್ಯಾಲಿಂದ ಕಣ್ಣಾರೆ ನೋಡೀನಿ.”

ನನ್ನ ಎದೆ ಧಸಕ್ ಅಂದಿತು. ಸುಳ್ಳು ಯಾಕೆ ಹೇಳಲಿ, ದುಃಖಕ್ಕಲ್ಲ, ಸಂತೋಷಕ್ಕೆ. ನರ್ಸಬಾಯಿಯ ಟೇಪಿಗೆ ಉತ್ತರ ನನ್ನ ಟೇಪಿನಲ್ಲಿ ಬಂದು ಬಿದ್ದಿತ್ತು, ಅದೂ ಕಣ್ಣಾರೆ ಕಂಡವರ ಬಾಯಿಂದ. ಆಯಿ ಇನ್ನೂ ಏನೋ ಗುನುಗುತ್ತಿದ್ದಳು. ಮೊಮ್ಮಗ ಓಣಿಯಲ್ಲಿ ಟೆಂಪೋ ಚಾಲೂ ಮಾಡಿದ. ನಾನು ಬಸ್ಸಿನ ಹೊತ್ತು ನೋಡಿ ಪೆನ್ನಿಗೆ ಟೊಪ್ಪಿಗೆ ಹಾಕಿದೆ. ಆಯಿಯ ಸೊಸೆ ಕೊಟ್ಟ ನಾಲ್ಕು ಬಾಳೆಹಣ್ಣನ್ನು ಬಸ್ಸಿನಲ್ಲಿ ಒಬ್ಬಳೇ ತಿಂದೆ, ಬಹಳ ದಿನದ ಮೇಲೆ ಹಸಿವಾಗಿತ್ತು.

ಆಫೀಸಿನಲ್ಲಿ ಹಾಳೆ ತುಂಬಿದೆ. ಕಾಲ: ಒಂದು. ಹೇಳಿಕೆ: ಗದ್ಲದಲ್ಲಿ ವಾಡೆಯ ಬಾಗಿಲು ತೆಗೆದವನು ದರವಾನನೇ. ಅದರ ಮುಂದಿನದು ‘ಇತರ ಮಾತು’. ಎಲ್ಲರ ಮುಂದೆ ಓದಿದೆ, ದನಿಯನ್ನು ಬೇಕೆಂದೇ ಮೆತ್ತಗೆ ಇಟ್ಟುಕೊಂಡು.

ನರ್ಸಬಾಯಿ ನನ್ನ ಹಾಳೆಯನ್ನು ತನ್ನ ಕಡೆ ಎಳೆದುಕೊಂಡು ನೋಡಿದಳು. ಆಮೇಲೆ ಕೇಳಿದಳು: “ಆಯಿ ಯಾವ ಗದ್ಲ ಅಂದ್ರು?”

“ಯಾವ ಗದ್ಲ ಅಂದ್ರೇನ್ರೀ? ಅಂಗಡಿ ಮನಿಯವರು ಅವರು. ಅವರಿಗಿ ಎಷ್ಟು ಗದ್ಲ ಇರ್ತಾವ?”

“ಕೇಳೀರಿಲ್ಲೋ?”

“ನಿಮ್ಮ ಮುದುಕಿದೇ ಖರೆ, ನನ್ನ ಮುದುಕಿದು ಸುಳ್ಳು ಅಂತೀರೇನು?”

ಸಂಯೋಜಕರು ಬಹಳ ಹೊತ್ತು ಹಣೆ ತಿಕ್ಕಿಕೊಂಡರು. ಷರತ್ತು ಷರತ್ತೇ. ಪಟ್ಟಿಯಲ್ಲಿದ್ದ ‘ವಾಡೆಯ ದರವಾನ’ ಎಂಬ ಸಾಲಿನ ಮೇಲೆ ಗೆರೆ ಎಳೆದರು. ಮುದುಕಿಗೆ ನಾವೇ ಹೋಗಿ ತಿಳಿಸಬೇಕು, ಕಾಗದ ಕಳಿಸುವುದು ಮರ್ಯಾದೆಯಲ್ಲ ಎಂದರು.

ಕಪನೂರಿಗೆ ಇಬ್ಬರೂ ಹೋದೆವು. ಹೇಳಲು ನರ್ಸಬಾಯಿಗೆ ಬಾಯಿ ಬರಲಿಲ್ಲ. ನಾನೇ ಹೇಳಿದೆ. ವಿವರವಾಗಿ, ಷರತ್ತಿನ ಸಮೇತ, ಪಾಠ ಮಾಡುವವಳ ಹಾಗೆ ಹೇಳಿದೆ. ಮುದುಕಿ ಪೂರ್ತಿ ಕೇಳಿದಳು. ಒಂದು ಹನಿ ಕಣ್ಣೀರು ಇಲ್ಲ. ಎದ್ದು ನಾವು ಕೂತ ಚಾಪೆಯ ತುದಿ ಹಿಡಿದು ನಿಂತಳು. ನಾವು ಎದ್ದೆವು. ಚಾಪೆ ಸುತ್ತಿ ಗೋಡೆಗೆ ಆನಿಸಿದಳು.

“ಆ ಟೇಪು ಅಳಿಸಿಬಿಡವ್ವಾ,” ಎಂದಳು ನರ್ಸಬಾಯಿಗೆ. ನನ್ನ ಕಡೆ ನೋಡಲಿಲ್ಲ. “ನೀನೂ ಬಂದಿಲ್ಲ, ನಾನೂ ಏನೂ ಹೇಳಿಲ್ಲ.”

ತಿರುಗಿ ಬರುವಾಗ ನರ್ಸಬಾಯಿ ನನ್ನ ಪಕ್ಕದಲ್ಲಿ ಕೂರಲಿಲ್ಲ. ಬಸ್ಸಿನಲ್ಲಿ ಯಾರ ಜೊತೆಗೂ ಮಾತಾಡಲಿಲ್ಲ ಅವಳು. ಗೆದ್ದೆ ಅಂದುಕೊಂಡೆ. ಆದರೆ ಅವತ್ತು ಮನೆಗೆ ಹೋಗಿ ಸೊಸೆಯಂದಿರ ಮೇಲೆ ಹರಿಹಾಯುವ ಅತ್ತೆಯಂತೆ ನಮ್ಮವ್ವನ ಮೇಲೆ ಸುಮ್ಮಸುಮ್ಮನೆ ಹರಿಹಾಯ್ದೆ.

ಓದುವ ದಿನ ನಿಶ್ಚಯವಾಯಿತು. ನಮ್ಮಲ್ಲಿ ಒಂದು ನಿಯಮ ಇತ್ತು. ಓದುವ ಮೊದಲು ಪ್ರತಿ ಹೇಳಿಕೆಯನ್ನು ಬರೆದವರಲ್ಲದೆ ಇನ್ನೊಬ್ಬರು ಟೇಪಿಗೆ ಹೋಲಿಸಿ ನೋಡಿ ಸಹಿ ಹಾಕಬೇಕು. ಆಯಿಯ ಟೇಪಿಗೆ ಸಹಿ ಹಾಕುವ ಸರದಿ ನರ್ಸಬಾಯಿಯದು. “ಪೂರ್ತಿ ಕೇಳಿ ಹಾಕ್ತೀನಿ,” ಎಂದಳು. ಆ ಪೂರ್ತಿ ಎಂಬ ಮಾತು ನನಗೆ ಮುಳ್ಳಿನಂತೆ ಚುಚ್ಚಿತು. ಇವಳಿಗೆ ಒಂದು ಕೊಂಬು ದೀರ್ಘದ ತಪ್ಪೂ ಸಿಗಬಾರದು ಎಂದು ಟೇಪನ್ನು ಬ್ರಹ್ಮಪುರದ ಮನೆಗೆ ಒಯ್ದೆ. ಬೆಳಿಗ್ಗೆ ಸ್ನಾನ ಮಾಡಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಮೊದಲಿಂದ ಕೂತೆ.

ಅತ್ತೆಯ ಕಾಟ ಮುಗಿಯಿತು. ನನ್ನ ಪ್ರಶ್ನೆ ಬಂತು, ‘ಕಣ್ಣಾರೆ ನೋಡೀನಿ’ ಬಂತು. ಆಮೇಲೆ ಟೆಂಪೋದ ಸದ್ದು. ಆ ಸದ್ದಿನ ಕೆಳಗೆ ಆಯಿಯ ದನಿ ಇತ್ತು. ಹಿಂದೆ ಓಡಿಸಿದೆ. ಮತ್ತೆ ಓಡಿಸಿದೆ. ನಾಲ್ಕನೇ ಸಲಕ್ಕೆ ಮಾತು ಬಿಡಿಬಿಡಿಯಾಗಿ ಕೇಳಿಸಿತು.

“ನಾವು ಸೊಲ್ಲಾಪುರದಿಂದ ತಿರಗಿ ಬಂದು ಎಂಟು ದಿನ ಆಗಿತ್ತು... ತೊಗರಿ ಸೊಂಟದ ಮಟ ಬಂದಿತ್ತು... ಮುಸಲ್ಮಾನರ ಹೆಂಗಸರು, ಹುಡುಗರು, ತೊಗರ್ಯಾಗ ಹಾಯ್ದು ಓಡಿ ಬಂದ್ರು... ಬಾಗಲಾ ತೆಗದು ಎಲ್ಲಾರಿಗೂ ಒಳಗ ಹಾಕ್ದ. ತಾ ಹೊರಗ ಉಳದ...”

ಬೇಸಿಗೆಯಲ್ಲಿ ತೊಗರಿ ಎಲ್ಲಿಂದ ಬರಬೇಕು? ಬಂದೂಕಿನವರು ಬಂದದ್ದು ಜೋಳದ ರಾಶಿ ಮುಗಿದ ಬೇಸಿಗೆಯಲ್ಲಿ. ತೊಗರಿ ಸೊಂಟದ ಮಟ್ಟ ಬರುವುದು ಮಳೆಗಾಲದ ಕೊನೆಗೆ, ಸೈನ್ಯ ಬಂದ ದಿನಗಳಲ್ಲಿ. ಇದು ಎರಡನೆಯ ಗದ್ಲ. ಮೊದಲನೆಯದರಲ್ಲಿ ಆಯಿ ಆ ಊರಲ್ಲೇ ಇರಲಿಲ್ಲ! ಅವಳ ಮನೆಯವರು ಆಗಲೇ ಓಡಿಹೋಗಿದ್ದರು. ಅವಳು ಕಣ್ಣಾರೆ ಕಂಡ ಗದ್ಲ ಒಂದೇ, ಅದು ನಮ್ಮ ಮನೆಯ ಗದ್ಲ ಅಲ್ಲ.

ಆ ಮಾತು ಆಡುವಾಗ ನಾನು ಅವಳ ಎದುರಿಗೇ ಕೂತಿದ್ದೆ. ಬಸ್ಸಿನ ಹೊತ್ತು ನೋಡುತ್ತಿದ್ದೆ.

ಹೆಡ್‌ಫೋನ್ ತೆಗೆದಾಗ ನನಗೆ ಮೊದಲು ಏನನ್ನಿಸಿತು ಎಂಬುದನ್ನು ಮುಚ್ಚಿಡುವುದಿಲ್ಲ. ಆ ಮುದುಕಿಯ ನೆನಪು ಬರಲಿಲ್ಲ. ಸತ್ತವನ ನೆನಪೂ ಬರಲಿಲ್ಲ. ‘ಅಯ್ಯೋ, ನರ್ಸಬಾಯಿಯೇ ಗೆದ್ದಳಲ್ಲ’ ಅನ್ನಿಸಿತು. ಹೊಲದಲ್ಲಿ ಏನಿತ್ತು ಎಂಬ ಆ ಒಂದು ಪ್ರಶ್ನೆ ಕೇಳಿದ್ದರೆ ಮುಗಿದಿತ್ತು, ನಾನು ನಕ್ಕಿದ್ದ ಪ್ರಶ್ನೆ. ಆಮೇಲೆ ಇನ್ನೂ ಕೆಟ್ಟ ವಿಚಾರ ಬಂತು. ಕಾಲಮ್ಮಿನಲ್ಲಿ ಒಂದನ್ನು ಎರಡು ಮಾಡಿ, ಕೆಳಗೆ ನಾಲ್ಕು ಸಾಲು ಸೇರಿಸಿ, ‘ಮತ್ತೊಮ್ಮೆ ಕೇಳಿದಾಗ ಸ್ಪಷ್ಟವಾಯಿತು’ ಎಂದು ಬರೆದರೆ? ತಪ್ಪನ್ನು ಟೆಂಪೋದ ಸದ್ದಿನ ಮೇಲೆ ಹಾಕಿದರಾಯಿತು. ಹೆಸರೂ ಉಳಿಯುತ್ತದೆ, ನನ್ನ ಮಾನವೂ ಉಳಿಯುತ್ತದೆ. ಪೆನ್ನು ಕೂಡ ತೆಗೆದಿದ್ದೆ. ಗೋಡೆಗೆ ಆನಿಸಿದ ಆ ಚಾಪೆ ಕಣ್ಣಿಗೆ ಕಟ್ಟಿತು. ನಾನು ಹೋಗಿ ಅವಳ ಗಂಡನನ್ನು ಕಳ್ಳ ಅಂದು ಬಂದದ್ದು ಟೆಂಪೋದಿಂದ ಅಲ್ಲ. ಪೆನ್ನು ಮುಚ್ಚಿದೆ.

ಸಂಯೋಜಕರಿಗೆ ಹೇಳುವ ಮೊದಲು ಕಮಲಾಪುರಕ್ಕೆ ಹೋದೆ. ಒಬ್ಬಳೇ ಹೋದೆ. ನರ್ಸಬಾಯಿಯನ್ನು ಕರೆದಿದ್ದರೆ ಕೆಲಸ ಸಲೀಸಾಗುತ್ತಿತ್ತು, ಆದರೆ ಅಷ್ಟು ದೊಡ್ಡ ಮನಸ್ಸು ನನಗಿನ್ನೂ ಬಂದಿರಲಿಲ್ಲ. ಕುರ್ಚಿ ಬೇಡ ಎಂದು ಆಯಿಯ ಹಾಸಿಗೆಯ ಹತ್ತಿರ ನೆಲಕ್ಕೆ ಕೂತೆ. ಮೊಮ್ಮಗನಿಗೆ ಟೆಂಪೋ ಅರ್ಧ ತಾಸು ಚಾಲೂ ಮಾಡಬೇಡಪ್ಪಾ ಎಂದೆ. ಆಮೇಲೆ ನರ್ಸಬಾಯಿಯ ಪ್ರಶ್ನೆಯನ್ನೇ ನನ್ನ ಬಾಯಿಂದ ಕೇಳಿದೆ.

“ಆಯಿ, ಆವಾಗ ಹೊಲದಾಗ ಏನಿತ್ತು?”

“ತೊಗರಿ ಇತ್ತಲ್ಲವ್ವಾ. ಅವತ್ತೇ ಹೇಳೀನಲ್ಲ ನಿನಗ.”

ನಾನು ನಾಲಗೆ ಕಚ್ಚಿಕೊಂಡೆ. ಬಾಗಿಲು ತೆಗೆದ ಮೇಲೆ ಏನಾಯಿತು ಎಂದು ಕೇಳಿದೆ.

“ಒಳಗ ಹಾಕಿ ಕೀಲಿ ಜಡದಾ. ಕೀಲಿಕೈ ವಾಡೇದ ಮುಂದಿನ ಬಾವ್ಯಾಗ ಒಗದಾ. ಕೊಡಲಿ ಹಿಡಕೊಂಡು ಬಂದವರು ಕೀಲಿಕೈ ಕೇಳಿದ್ರು. ‘ಬಾವ್ಯಾಗ ಅದ, ತಕ್ಕೋರಿ’ ಅಂದಾ. ಅಲ್ಲೇ ಕಡದ್ರು. ಒಳಗಿದ್ದವರು ಎರಡು ದಿನಕ್ಕ ಫೌಜು ನಮ್ಮೂರಿಗಿ ಬಂದು ಕೀಲಿ ಮುರದ ಮ್ಯಾಲ ಹೊರಗ ಬಂದ್ರು. ಹಂಗೇ ಹೈದರಾಬಾದ ದಾರಿ ಹಿಡದು ಹೋದ್ರು, ಮತ್ತ ಈ ಕಡಿ ಬರಲಿಲ್ಲ.”

“ಇಷ್ಟು ವರ್ಷ ಯಾರ ಮುಂದೂ ಯಾಕ ಹೇಳಲಿಲ್ಲ ಆಯಿ?”

“ಕಡದವರು ಯಾರು? ನಮ್ಮವರೇ. ಮನಿ ಮುಂದ ದಿನಾ ಕೈ ಮುಗದು ಹೋಗವರು. ಯಾರ ಮುಂದ ಹೇಳಲಿ?” ಸ್ವಲ್ಪ ಸುಧಾರಿಸಿಕೊಂಡು ಅಂದಳು: “ಮತ್ತ ಯಾರೂ ಕೇಳಲೂ ಇಲ್ಲ.”

ಆಫೀಸಿಗೆ ಬಂದು ಸಂಯೋಜಕರು, ನರ್ಸಬಾಯಿ ಇಬ್ಬರ ಮುಂದೆಯೂ ಆಯಿಯ ಎರಡೂ ಟೇಪು ಹಚ್ಚಿದೆ. ಕಾಲವನ್ನು ಕೇಳದೆ ತುಂಬಿದ್ದೆ, ಈ ಒಂದಲ್ಲ, ಎಲ್ಲವನ್ನೂ ಹಾಗೆಯೇ ತುಂಬಿದ್ದೇನೆ ಎಂದು ಹೇಳಿದೆ. ಸಂಯೋಜಕರು ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. ನರ್ಸಬಾಯಿ ‘ನಾ ಹೇಳಿರಲಿಲ್ಲೇನು’ ಅನ್ನುತ್ತಾಳೆ ಎಂದು ಕಾದೆ. 

ಅವಳು ಅಂದದ್ದು ಇಷ್ಟೇ: “ಉಳದ ಟೇಪಾ ಕೊಡ್ರಿ. ಇಬ್ರೂ ಕೂಡಿ ಕೇಳಮು.”

ಅದಕ್ಕೂ ನನಗೆ ಉರಿಯಿತು. ಒಂದು ಚುಚ್ಚುಮಾತು ಆಡಬಾರದೇ ಇವಳು!

ಎಲ್ಲ ಕೇಳಿ ಮುಗಿಸಲು ಎಂಟು ದಿನ ಹಿಡಿಯಿತು. ಇನ್ನೂ ಎರಡು ಕಡೆ ನನ್ನ ಅಂಕಿ ತಪ್ಪಿತ್ತು. ಓದುವ ದಿನ ಮುಂದಕ್ಕೆ ಹೋಯಿತು. ಅಷ್ಟರಲ್ಲಿ ಹಿರಿಯರಿಗೆ ಸುದ್ದಿ ಮುಟ್ಟಿ, ಅವರಲ್ಲಿ ಒಬ್ಬರು ಆಫೀಸಿಗೇ ಬಂದರು.

“ಹೆಸರು ಹಾಕ್ರಿ, ನಮ್ಮದೇನೂ ತಕರಾರಿಲ್ಲ,” ಎಂದರು. “ಆದ್ರ ಆಯಿ ಮಾತು ಓದಬ್ಯಾಡ್ರಿ. ಕಡದವರ ಮಕ್ಕಳು ಮೊಮ್ಮಕ್ಕಳು ಅಲ್ಲೇ ಕುಂತಿರ್ತಾರ.”

“ಆಯಿ ಯಾರ ಹೆಸರೂ ಹೇಳಿಲ್ರೀ,” ಎಂದರು ಸಂಯೋಜಕರು. “ನಾವೂ ಕೇಳಿಲ್ಲ.”

“ಹೆಸರು ಹೇಳದಿದ್ರ ಊರಿಗಿ ಗೊತ್ತಾಗಂಗಿಲ್ಲೇನ್ರೀ?”

ಓದದೆ ಬರೀ ಹೆಸರು ಹಾಕಿದರೆ ಅವನು ಕಳ್ಳ ಎಂಬ ಮಾತು ಹಾಗೇ ಉಳಿಯುತ್ತದೆ, ಆ ಮುದುಕಿ ಕೇಳಿದ್ದು ಅದನ್ನಲ್ಲ. ಸಂಯೋಜಕರು ನಮ್ಮಿಬ್ಬರ ಮುಖ ನೋಡಿದರು. ಎಲ್ಲವನ್ನೂ ಓದುವವಳು ನರ್ಸಬಾಯಿ ಎಂದು ಮೊದಲೇ ನಿಶ್ಚಯವಾಗಿತ್ತು, ಜನರಿಗೆ ಅವಳ ದನಿ ಬೇಕು. ಇದೊಂದನ್ನು ನಾನು ಓದುತ್ತೇನೆ ಎಂದೆ. ಕಲ್ಲು ಬಿದ್ದರೆ ನನ್ನ ಮೇಲೆ ಬೀಳಲಿ, ಅವಳಿಗೆ ನಾಳೆ ಮತ್ತೆ ಆ ಮನೆಗಳಿಗೆ ಹೋಗುವುದಿದೆ. ಇದನ್ನು ಹೇಳಿ ದೊಡ್ಡವಳಾಗಲು ಹೊರಟಿಲ್ಲ. ಅವಳು ಓದಿದರೆ ಜನ ಅತ್ತು ಅವಳನ್ನು ಮೆಚ್ಚುತ್ತಾರೆ ಎಂಬ ಹೊಟ್ಟೆಕಿಚ್ಚೂ ಅದರಲ್ಲಿ ಅರ್ಧ ಇತ್ತು.

ವಾಡೆಯ ಮುಂದೆ ತಾಡಪತ್ರಿ ಹಾಸಿದ್ದರು. ಒಂದು ಬದಿಗೆ ಕಪ್ಪು ಕಲ್ಲು, ಅದರ ಪಕ್ಕ ಕಲ್ಲುಕುಟಿಗ. ನರ್ಸಬಾಯಿ ಓದಿದ ಹೇಳಿಕೆಗಳನ್ನು ಜನ ತಲೆ ತಗ್ಗಿಸಿ ಕೇಳಿದರು. ಕೆಲವರು ಅತ್ತರು, ನಾನು ಅಂದುಕೊಂಡ ಹಾಗೆಯೇ. ನನ್ನ ಸರದಿ ಬಂತು. ಮೊದಲು ನನ್ನ ತಪ್ಪನ್ನು ಓದಿದೆ: ಈ ಹೇಳಿಕೆಯ ಕಾಲವನ್ನು ನಾನು ಕೇಳದೆ ಬರೆದಿದ್ದೆ, ಅದರಿಂದ ಒಬ್ಬ ಮನುಷ್ಯ ಕಳ್ಳನಾದ. ಆಮೇಲೆ ತೊಗರಿ, ಬಾಗಿಲು, ಕೀಲಿಕೈ, ಬಾವಿ. ‘ಅಲ್ಲೇ ಕಡದ್ರು’ ಎಂಬಲ್ಲಿಗೆ ಇಬ್ಬರು ಎದ್ದು ಹೋದರು. ಹಿಂದಿನ ಸಾಲಿನಲ್ಲಿ ಗುಜುಗುಜು ಎದ್ದಿತು. ನಾನು ಕೊನೆಯ ಸಾಲಿನವರೆಗೂ ಓದಿದೆ.

ಆಫೀಸಿಗೆ ಬಂದು ಬೇಡ ಅಂದಿದ್ದ ಹಿರಿಯರೇ ಎದ್ದು ನಿಂತರು. ಬಹಳ ಹೊತ್ತು ವಾಡೆಯ ಬಾಗಿಲ ಕಡೆ ನೋಡಿದರು.

“ನಮ್ಮಪ್ಪ ಸಾಯೋತನಕ ಆ ಬಾವಿ ನೀರು ಕುಡೀಲಿಲ್ಲ,” ಎಂದರು. “ಯಾಕಪ್ಪಾ ಅಂತ ಕೇಳಿದ್ರ ಉಪ್ಪುನೀರು ಅಂತಿದ್ದ.” ಮತ್ತೇನೋ ಹೇಳಹೋಗಿ ನಿಲ್ಲಿಸಿ, ಕಲ್ಲುಕುಟಿಗನ ಕಡೆ ತಿರುಗಿದರು. “ಕೆತ್ತಪ್ಪಾ.”

“ಹೆಸರೇನ್ರೀ?” ಎಂದ ಕಲ್ಲುಕುಟಿಗ.

ಯಾರಿಗೂ ಗೊತ್ತಿರಲಿಲ್ಲ. ಊರಿಗೆಲ್ಲ ಅವನು ದರವಾನ, ದರವಾನಸಾಬ. ನಮ್ಮ ಹಾಳೆಗಳಲ್ಲೂ ಅಷ್ಟೇ. ನರ್ಸಬಾಯಿಯ ಹಾಳೆಯಲ್ಲಿ ‘ಹೇಳಿದವರ ಗಂಡ’ ಎಂದಿತ್ತು. ಆ ಕಾಲದ ಹೆಂಗಸು ಗಂಡನ ಹೆಸರು ಬಾಯಲ್ಲಿ ತರುವುದಿಲ್ಲ, ನಮ್ಮವರಲ್ಲೂ ಇಲ್ಲ, ಅವರಲ್ಲೂ ಇಲ್ಲ. ಅದು ಗೊತ್ತಿದ್ದೇ ಅವಳು ಕೇಳಿರಲಿಲ್ಲ. ಕಪನೂರಿನ ಮತದಾರರ ಪಟ್ಟಿಯಲ್ಲೂ ಮುದುಕಿಯ ಗಂಡನ ಹೆಸರು ‘ದರವಾನಸಾಬ’ ಎಂದೇ ಇತ್ತು. ತಂಗಿಯ ಮಗನಿಗೂ ತಿಳಿಯದು. ‘ಖಾಲೂ, ದೊಡ್ಡಪ್ಪ ಅಂತ ಅಷ್ಟೇರೀ, ನಾ ಹುಟ್ಟೇ ಇದ್ದಿಲ್ಲ’ ಎಂದ.

ಹೀಗೆ ಮತ್ತೆ ಕಪನೂರಿಗೆ ಹೋದೆವು. ಬಾಗಿಲಲ್ಲಿ ನನ್ನನ್ನು ಕಂಡು ಮುದುಕಿ ಒಳಗೆ ತಿರುಗಿದಳು. ನರ್ಸಬಾಯಿ ಕೈಹಿಡಿದು ಕೂಡಿಸಿದಳು. ನಾನು ತಪ್ಪಾಯಿತು ಎಂದೆ, ಅದು ಅವಳ ಕಿವಿಗೆ ಬಿತ್ತೋ ಇಲ್ಲವೋ. ಟೇಪು ಹಚ್ಚಿದೆ. ಆಯಿಯ ದನಿ ಕೇಳಿದಾಗ “ಅಂಗಡಿ ಸೊಸಿ ಇದು” ಎಂದು ಗುರುತು ಹಿಡಿದಳು. ‘ಬಾವ್ಯಾಗ ಅದ, ತಕ್ಕೋರಿ’ ಎಂಬಲ್ಲಿ ಅವಳ ಬೆರಳು ನರ್ಸಬಾಯಿಯ ಮುಂಗೈಯನ್ನು ಬಿಗಿಯಾಗಿ ಹಿಡಿದದ್ದು ನೋಡಿದೆ. ನನ್ನ ಟೇಪು, ನಾನು ತಂದದ್ದು, ಹಿಡಿದದ್ದು ನರ್ಸಬಾಯಿಯ ಕೈ.

ಟೇಪು ಮುಗಿದ ಮೇಲೆ ನರ್ಸಬಾಯಿ ವಿಷಯ ತೆಗೆದಳು. ಕಲ್ಲು ಕಾಯುತ್ತಿದೆ, ಹೆಸರು ಬೇಕು. ಮುದುಕಿ ತಲೆ ತಗ್ಗಿಸಿದಳು. ಸೆರಗು ಎಳೆದುಕೊಂಡಳು. ಕಿವಿಯವರೆಗೂ ಕೆಂಪಾದಳು, ಆ ವಯಸ್ಸಿನಲ್ಲಿ.

“ನೀ ಸ್ವಲ್ಪ ಹೊರಗ ಕುಂದರವ್ವಾ,” ಎಂದಳು.

ನಾನು ಎದ್ದೆ.

“ನೀ ಅಲ್ಲ. ಆಕಿ.”

ನರ್ಸಬಾಯಿ ಹೊರಗೆ ಹೋದಳು. ನನ್ನ ಎದೆ ಹಿಗ್ಗಿ ಒಡೆಯುವಂತಾಯಿತು. ಇಷ್ಟು ದಿನದಲ್ಲಿ ಮೊದಲ ಸಲ ಒಬ್ಬರು ಅವಳನ್ನು ಹೊರಗೆ ಕಳಿಸಿ ನನ್ನನ್ನು ಉಳಿಸಿಕೊಂಡಿದ್ದರು.

“ಆಕಿ ನನ್ನ ಮಗಳಿದ್ದಂಗ,” ಎಂದಳು ಮುದುಕಿ. “ಆಕಿ ಮುಂದ ನಾಚಿಕಿ ಬರ್ತದ. ನೀ ಯಾರಾಗಬೇಕು ನನಗ? ನಿನ್ನ ಮುಂದ ಅಂದ್ರ ಗ್ವಾಡಿ ಮುಂದ ಅಂದಂಗ. ಬರಕೋ.”

ಹೇಳಿದಳು. ಒಂದೇ ಸಲ, ತುಟಿ ಅಲ್ಲಾಡಿತೋ ಇಲ್ಲವೋ ಅನ್ನುವಷ್ಟು ಮೆಲ್ಲಗೆ. ಅದು ಈಗ ಕಲ್ಲಿನ ಮೇಲಿದೆ, ಇಲ್ಲಿ ಬರೆಯುವುದಿಲ್ಲ. ನಾನು ಅಕ್ಷರಕ್ಕೆ ಅಕ್ಷರ ಬರೆದುಕೊಂಡೆ. ಈ ಸಲ ಕೇಳದೆ ಬಿಡಬಾರದು ಎಂದು, ಬರೆದದ್ದನ್ನು ಗಟ್ಟಿಯಾಗಿ ಓದಿ ಸರಿಯೇ ಎಂದು ಕೇಳಿದೆ.

ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ನಗುತ್ತಿದ್ದಳು. ಆ ಹೆಸರನ್ನು ಯಾರೂ ಅವಳ ಮುಂದೆ ಕೂಗಿ ಎಷ್ಟು ವರ್ಷವಾಗಿತ್ತೋ!

“ಇನ್ನೊಮ್ಮೆ ಓದು,” ಎಂದಳು.

ಓದಿದೆ. ಮತ್ತೂ ಒಮ್ಮೆ ಓದಿಸಿದಳು. ಆಮೇಲೆ ಸೆರಗು ಸರಿಮಾಡಿಕೊಂಡು, ಬಾಗಿಲ ಕಡೆ ತಿರುಗಿ “ಬಾರವ್ವಾ ಒಳಗ” ಎಂದು ನರ್ಸಬಾಯಿಯನ್ನು ಕರೆದಳು. ಆ ಕರೆಯುವ ದನಿಯೇ ಬೇರೆ ಇತ್ತು. ನನಗೆ ಆಗಲೂ ಹೊಟ್ಟೆ ಉರಿಯಿತು. ಹೆಸರು ಬರೆದ ಹಾಳೆಯನ್ನು ಮಡಚದೆ ಚೀಲದಲ್ಲಿಟ್ಟುಕೊಂಡೆ.